ಕಣಗಳ ನಡುವಿನ ಹರಿವು

ಪ್ಲಾಸ್ಟಿಕ್ ಎಂದೋ ರಬ್ಬರು ಎಂದೋ ಸಲೀಸಾಗಿ ಹೆಸರಿಸುವ ಅನೇಕ ವಸ್ತುಗಳ ಒಳಗೆ ಪ್ಲಾಸ್ಟಿಕ್ಕೂ ರಬ್ಬರೂ ಅಲ್ಲದ ಇನ್ನೊಂದು ದ್ರವ್ಯ ಗಣನೀಯ ಪ್ರಮಾಣದಲ್ಲಿ ಅಡಗಿರುತ್ತದೆ. ನೀರಿನ ಪಿವಿಸಿ ಕೊಳವೆಯಲ್ಲಿ ನುಣ್ಣಗೆ ಬೀಸಿದ ಸುಣ್ಣಕಲ್ಲು, ಕಾರಿನ ಬಂಪರಿನಲ್ಲಿ ಟಾಲ್ಕ್ ಎಂಬ ಮೆದು ಖನಿಜ, ಎಂಜಿನ್ನಿನ ಬಳಿಯ ನೈಲಾನ್ ಬಿಡಿಭಾಗಗಳಲ್ಲಿ ಗಾಜಿನ ನಾರಿನ ತುಣುಕುಗಳು, ಟೈರಿನಲ್ಲಿ ಕಾರ್ಬನ್ ಬ್ಲ್ಯಾಕ್ ಎಂಬ ಅತಿಸೂಕ್ಷ್ಮ ಮಸಿ. ಇವನ್ನೆಲ್ಲ ಒಟ್ಟಾಗಿ ಫಿಲ್ಲರ್ ಅಥವಾ ಭರ್ತಿ ಕಣಗಳು ಎನ್ನುತ್ತಾರೆ. ಪಾಲಿಮರ್ ಮತ್ತು ಭರ್ತಿ ಕಣಗಳು ಸೇರಿ ಆದದ್ದು ಪಾಲಿಮರ್ ಸಮ್ಮಿಶ್ರ. ದುಬಾರಿ ಪಾಲಿಮರನ್ನು ಉಳಿಸಲು ಬೆರೆಸುವ ಅಗ್ಗದ ಪುಡಿ ಇದು ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಭಾಗಶಃ ಮಾತ್ರ ನಿಜ. ಸ್ಟೈರೀನ್-ಬ್ಯೂಟಡೈಯೀನ್ ಎಂಬ ಕೃತಕ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಸೇರಿಸಿದಾಗ ಎಳೆತವನ್ನು ತಾಳುವ ಅದರ ಶಕ್ತಿ ಸುಮಾರು ಹತ್ತು ಪಟ್ಟು ಏರುತ್ತದೆ. ಮಸಿಯಂಥ ಭರ್ತಿ ಕಣಗಳಿಲ್ಲದೆ ಆ ರಬ್ಬರಿನಿಂದ ರಸ್ತೆಗಿಳಿಸಬಹುದಾದ ಟೈರನ್ನು ಮಾಡಲಾಗುವುದೇ ಇಲ್ಲ.

ಗಟ್ಟಿಯಾದ ಮೇಲೆ ಇಂಥ ವಸ್ತು ಎಷ್ಟು ಬಲಶಾಲಿ ಎಂಬ ಪ್ರಶ್ನೆಗೆ ದೊರೆತಷ್ಟು ಗಮನ, ಗಟ್ಟಿಯಾಗುವ ಮೊದಲು ಅದು ಹೇಗೆ ಹರಿಯಿತು ಎಂಬುದಕ್ಕೆ ದೊರೆಯುವುದಿಲ್ಲ. ಆದರೆ ಕೊಳವೆಯಾಗಲಿ ಬಂಪರಾಗಲಿ ಒಂದು ಕಾಲಕ್ಕೆ ಕರಗಿದ ದ್ರವವಾಗಿ ಅಚ್ಚಿನೊಳಗೆ ಹರಿದೇ ರೂಪು ಪಡೆದಿರುತ್ತದೆ. ಆ ಕೆಲವು ಕ್ಷಣಗಳಲ್ಲಿ ಕಣಗಳು ಎಲ್ಲಿ ನಿಂತವು, ಯಾವ ದಿಕ್ಕಿಗೆ ತಿರುಗಿದವು, ಒಂದಕ್ಕೊಂದು ಅಂಟಿಕೊಂಡವೋ ದೂರ ಸರಿದವೋ ಎನ್ನುವುದು ವಸ್ತುವಿನ ಮುಂದಿನ ಬಾಳನ್ನೆಲ್ಲ ನಿರ್ಧರಿಸಿಬಿಡುತ್ತದೆ. ಕಣಗಳು ಹರಿವನ್ನು ಬದಲಿಸುತ್ತವೆ, ಹರಿವು ಕಣಗಳ ಜೋಡಣೆಯನ್ನು ಬದಲಿಸುತ್ತದೆ. ಈ ಪರಸ್ಪರ ಸಂಬಂಧವನ್ನು ಅರಿಯುವ ಪ್ರಯತ್ನಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

ಅದರ ಮೊದಲ ಗಟ್ಟಿ ಹೆಜ್ಜೆ ಇಟ್ಟವರು ಆಲ್ಬರ್ಟ್ ಐನ್‌ಸ್ಟೈನ್. 1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಅವರು ಜ್ಯೂರಿಕ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ ಸಾಪೇಕ್ಷತೆಯಲ್ಲ, ಅಣುಗಳ ಗಾತ್ರ. ನೀರಿನಲ್ಲಿ ಸಕ್ಕರೆ ಕರಗಿದಾಗ ದ್ರಾವಣ ಎಷ್ಟು ಮಂದವಾಗುತ್ತದೆ ಎಂಬ ಅಳತೆಯಿಂದ ಸಕ್ಕರೆಯ ಅಣುವಿನ ಗಾತ್ರವನ್ನೂ ಅವೊಗ್ಯಾಡ್ರೊ ಸಂಖ್ಯೆಯನ್ನೂ ಲೆಕ್ಕ ಹಾಕುವುದು ಅವರ ಗುರಿ. ಅದಕ್ಕೆ ಬೇಕಾಗಿದ್ದದ್ದು ಒಂದು ಸರಳ ಪ್ರಶ್ನೆಗೆ ಉತ್ತರ: ದ್ರವವೊಂದರಲ್ಲಿ ಗಟ್ಟಿ ಗುಂಡುಗಳು ಚದುರಿಕೊಂಡಿದ್ದರೆ ಅದರ ಸ್ನಿಗ್ಧತೆ, ಅಂದರೆ ಹರಿವಿಗೆ ಅದು ಒಡ್ಡುವ ಪ್ರತಿರೋಧ, ಎಷ್ಟು ಹೆಚ್ಚುತ್ತದೆ?

ಹರಿಯುವ ದ್ರವವನ್ನು ಒಂದರ ಮೇಲೊಂದು ಜಾರುವ ಪದರಗಳೆಂದು ಭಾವಿಸಬಹುದು. ದ್ರವದ ಯಾವುದೇ ಚಿಕ್ಕ ತುಣುಕು ಈ ಜಾರಿಕೆಗೆ ತಕ್ಕಂತೆ ಹಿಗ್ಗಿ ಓರೆಯಾಗುತ್ತದೆ. ಅದೇ ಜಾಗದಲ್ಲಿ ಗಟ್ಟಿ ಗುಂಡೊಂದಿದ್ದರೆ ಅದು ಹಿಗ್ಗಲಾರದು. ಸುಮ್ಮನೆ ಉರುಳುತ್ತದೆ, ಸುತ್ತಲಿನ ದ್ರವವೇ ಬಳಸಿಕೊಂಡು ಸಾಗಬೇಕಾಗುತ್ತದೆ. ಈ ಸುತ್ತುಬಳಸಿನ ಪ್ರಯಾಣದಲ್ಲಿ ಹೆಚ್ಚುವರಿ ಶಕ್ತಿ ವ್ಯಯವಾಗುತ್ತದೆ, ಅದೇ ಹೆಚ್ಚಿದ ಸ್ನಿಗ್ಧತೆಯಾಗಿ ಕಾಣಿಸುತ್ತದೆ. ಐನ್‌ಸ್ಟೈನರ ಲೆಕ್ಕದ ಫಲಿತಾಂಶ ಅಚ್ಚರಿ ಹುಟ್ಟಿಸುವಷ್ಟು ಸರಳವಾಗಿತ್ತು. ಸ್ನಿಗ್ಧತೆಯ ಏರಿಕೆ ಗುಂಡುಗಳ ಗಾತ್ರವನ್ನಾಗಲಿ ಸಂಖ್ಯೆಯನ್ನಾಗಲಿ ಅವಲಂಬಿಸುವುದಿಲ್ಲ. ಒಟ್ಟು ಜಾಗದಲ್ಲಿ ಅವು ಆಕ್ರಮಿಸಿದ ಪಾಲನ್ನು ಮಾತ್ರ ಅವಲಂಬಿಸುತ್ತದೆ. ಆ ಪಾಲನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ಸಾಕು.

1906ರಲ್ಲಿ ಅಚ್ಚಾದ ರೂಪದಲ್ಲಿ ಆ ಸ್ಥಿರಾಂಕ 1 ಆಗಿತ್ತು. ಪ್ಯಾರಿಸ್ಸಿನಲ್ಲಿ ಜಾನ್ ಪೆರಿನ್ ಅವರ ಪ್ರಯೋಗಾಲಯದಲ್ಲಿ ಜಾಕ್ ಬಾನ್ಸಲಾಂ ಎಂಬ ಸಂಶೋಧಕರು ಸೂಕ್ಷ್ಮ ಗುಂಡುಗಳ ನಿಲಂಬನಗಳನ್ನು ಅಳೆದು ನೋಡಿದಾಗ ಸ್ನಿಗ್ಧತೆ ಅದಕ್ಕಿಂತ ಬಹಳ ಹೆಚ್ಚು ಬಂತು. ಐನ್‌ಸ್ಟೈನ್ ತಮ್ಮ ಸಹಾಯಕ ಲುಡ್ವಿಗ್ ಹಾಪ್ಫ್ ಅವರಿಗೆ ಲೆಕ್ಕವನ್ನು ಮತ್ತೆ ಪರಿಶೀಲಿಸಲು ಕೇಳಿದರು. ಹಾಪ್ಫ್ ಗಣಿತದಲ್ಲಿದ್ದ ಲೋಪವನ್ನು ಕಂಡುಹಿಡಿದರು. 1911ರ ತಿದ್ದುಪಡಿಯಲ್ಲಿ ಸ್ಥಿರಾಂಕ 2.5 ಆಯಿತು, ಅದರ ಜೊತೆಗೆ ಅವೊಗ್ಯಾಡ್ರೊ ಸಂಖ್ಯೆಯ ಅಂದಾಜೂ ಇಂದಿನ ಬೆಲೆಗೆ ಸಮೀಪ ಬಂತು. ಒಂದು ಮಂದ ದ್ರಾವಣದ ಹರಿವನ್ನು ಅಳೆದು ಕಣ್ಣಿಗೆ ಕಾಣದ ಅಣುಗಳನ್ನು ಎಣಿಸಬಹುದೆಂಬ ಸಂಗತಿ ಇಂದಿಗೂ ವಿಸ್ಮಯ ಮೂಡಿಸುತ್ತದೆ.

ಆದರೆ ಈ ಸರಳ ಸೂತ್ರಕ್ಕೆ ಒಂದು ಮಿತಿಯಿದೆ. ಗುಂಡುಗಳು ಒಂದರಿಂದೊಂದು ಬಹಳ ದೂರವಿದ್ದು, ಒಂದು ಗುಂಡು ಎಬ್ಬಿಸಿದ ಕಲಕು ಇನ್ನೊಂದಕ್ಕೆ ತಟ್ಟದಿದ್ದಾಗ ಮಾತ್ರ ಅದು ಸರಿ. ಒಟ್ಟು ಗಾತ್ರದಲ್ಲಿ ಗುಂಡುಗಳ ಪಾಲು ಶೇ. 2-3ನ್ನು ದಾಟಿದೊಡನೆ ಸೂತ್ರ ವಾಸ್ತವಕ್ಕಿಂತ ಹಿಂದೆ ಬೀಳತೊಡಗುತ್ತದೆ. ಎರಡು ಗುಂಡುಗಳ ಪರಸ್ಪರ ಪ್ರಭಾವವನ್ನು ಕಟ್ಟುನಿಟ್ಟಾದ ಗಣಿತದಲ್ಲಿ ಹಿಡಿಯುವ ಕೆಲಸ ಕೇಂಬ್ರಿಜ್‌ನ ಜಾರ್ಜ್ ಬ್ಯಾಚೆಲರ್ ಮತ್ತು ಗ್ರೀನ್ ಅವರಿಂದ ಆದದ್ದು 1972ರಲ್ಲಿ. ಮೂರು, ನಾಲ್ಕು, ಸಾವಿರ ಗುಂಡುಗಳ ಸಂಗತಿಯಂತೂ ಅಂಥ ನೇರ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ದಟ್ಟಣೆ ಹೆಚ್ಚಿದಂತೆ ಆಗುವುದನ್ನು ರಥೋತ್ಸವದ ದಿನ ರಥಬೀದಿಯಲ್ಲಿ ಕಾಣಬಹುದು. ಬೆಳಗ್ಗೆ ಜನ ವಿರಳವಾಗಿದ್ದಾಗ ಒಬ್ಬರು ಇನ್ನೊಬ್ಬರನ್ನು ಬಳಸಿ ನಡೆದುಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಹೆಜ್ಜೆ ಕದಲಿಸಬೇಕಾದರೆ ಸುತ್ತಲಿನ ಹತ್ತು ಜನ ಕದಲಬೇಕು. ಆಮೇಲೆ ಇನ್ನು ಕೆಲವೇ ಜನ ಸೇರಿದರೂ ಇಡೀ ಬೀದಿ ನಿಂತುಬಿಡುತ್ತದೆ. ಕಣಗಳಿಗೂ ಇಂಥದೊಂದು ನಿಲುಗಡೆಯ ಮಿತಿಯಿದೆ. ಸಮಾನ ಗಾತ್ರದ ಗುಂಡುಗಳನ್ನು ಯಾವ ಕ್ರಮವೂ ಇಲ್ಲದೆ ಪಾತ್ರೆಯಲ್ಲಿ ಸುರಿದು ಅಲುಗಿಸಿದರೆ ಅವು ತುಂಬುವುದು ಜಾಗದ ಶೇ. 64ರಷ್ಟನ್ನು ಮಾತ್ರ. 1960ರ ಸುಮಾರಿಗೆ ಲಂಡನ್ನಿನ ಜೆ. ಡಿ. ಬರ್ನಾಲ್ ಮತ್ತು ಟೊರಾಂಟೊದ ಜಿ. ಡಿ. ಸ್ಕಾಟ್ ಉಕ್ಕಿನ ಗುಂಡುಗಳನ್ನು ತುಂಬಿ ಅಳೆದು ತಿಳಿದುಕೊಂಡ ಸಂಖ್ಯೆ ಇದು. ಆ ಮಿತಿ ಸಮೀಪಿಸಿದಂತೆ ಸ್ನಿಗ್ಧತೆ ಏರುವುದಿಲ್ಲ, ಸಿಡಿಯುತ್ತದೆ. 1956ರಲ್ಲಿ ಮ್ಯಾರನ್ ಮತ್ತು ಪಿಯರ್ಸ್, 1959ರಲ್ಲಿ ಕ್ರೀಗರ್ ಮತ್ತು ಡೋರ್ಟಿ ಈ ಏರಿಕೆಗೆ ಕೊಟ್ಟ ಸೂತ್ರಗಳು ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಯಲ್ಲಿವೆ. ಮೊದಲನೆಯದರ ಪ್ರಕಾರ, ಶೇ. 30ರಷ್ಟು ಗುಂಡುಗಳಿದ್ದರೆ ದ್ರವದ ಸ್ನಿಗ್ಧತೆ ಮೂರೂವರೆ ಪಟ್ಟಾಗುತ್ತದೆ, ಶೇ. 50 ಇದ್ದರೆ ಸುಮಾರು 21 ಪಟ್ಟು, ಶೇ. 60 ಇದ್ದರೆ 256 ಪಟ್ಟು. ಅಂದರೆ ಇಲ್ಲಿ ಮುಖ್ಯವಾದದ್ದು ಎಷ್ಟು ತುಂಬಿದೆ ಎನ್ನುವುದಲ್ಲ, ತುಂಬಲು ಇನ್ನೆಷ್ಟು ಉಳಿದಿದೆ ಎನ್ನುವುದು.

ಈ ಒಳನೋಟದ ಅತ್ಯಂತ ಬಿಗಿಯಾದ ಪರೀಕ್ಷೆ ನಡೆಯುವುದು ರಾಕೆಟ್ಟಿನ ಘನ ಇಂಧನದಲ್ಲಿ. ಇಸ್ರೋದ ಎಲ್‌ವಿಎಂ3 ರಾಕೆಟ್ಟಿನ ಇಬ್ಬದಿಗೆ ಜೋಡಿಸುವ ಎಸ್200 ಬೂಸ್ಟರುಗಳಲ್ಲಿ ತಲಾ 200 ಟನ್ ಆಸುಪಾಸಿನ ಘನ ಇಂಧನ ಇರುತ್ತದೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಶ್ರೀಹರಿಕೋಟಾದ ನೆಲದಿಂದ ಎತ್ತಿದ್ದು ಇಂಥ ಎರಡು ಬೂಸ್ಟರುಗಳೇ. ಆ ಇಂಧನ ಸಹ ಒಂದು ಪಾಲಿಮರ್ ಸಮ್ಮಿಶ್ರ. ಎಚ್‌ಟಿಪಿಬಿ ಎಂಬ ದ್ರವರೂಪದ ರಬ್ಬರಿನಲ್ಲಿ ಆಮ್ಲಜನಕವನ್ನು ಒದಗಿಸುವ ಅಮೋನಿಯಂ ಪರ್‌ಕ್ಲೋರೇಟ್ ಹರಳುಗಳನ್ನೂ ಅಲ್ಯೂಮಿನಿಯಂ ಪುಡಿಯನ್ನೂ ಕಲಸಿ, ಅಚ್ಚಿಗೆ ಸುರಿದು, ನಿಧಾನವಾಗಿ ಬೆಸೆದು ಗಟ್ಟಿ ರಬ್ಬರಾಗಿಸುತ್ತಾರೆ. ನೂಕುಬಲ ಹೆಚ್ಚಬೇಕಾದರೆ ಕಣಗಳ ಪಾಲು ಆದಷ್ಟು ಹೆಚ್ಚಿರಬೇಕು. ಇಂಥ ಇಂಧನಗಳಲ್ಲಿ ಕಣಗಳ ತೂಕ ಸಾಮಾನ್ಯವಾಗಿ ಶೇ. 85ರಿಂದ 88. ಗಾತ್ರದ ಲೆಕ್ಕಕ್ಕೆ ಬದಲಿಸಿದರೂ ಅದು ಶೇ. 70ನ್ನು ದಾಟುತ್ತದೆ.

ಬರ್ನಾಲ್ ಅಳೆದ ಶೇ. 64ರ ಮಿತಿಯನ್ನು ಮೀರಿದ ಮೇಲೆ ಇದು ಹರಿಯಲೇಬಾರದು. ಆದರೂ ಹರಿಯುತ್ತದೆ, ಏಕೆಂದರೆ ಆ ಮಿತಿ ಸಮಾನ ಗಾತ್ರದ ಗುಂಡುಗಳದ್ದು. ದೊಡ್ಡ ಕಣಗಳ ನಡುವೆ ಖಾಲಿ ಉಳಿದ ಶೇ. 36ರಷ್ಟು ಜಾಗದಲ್ಲಿ, ಅವುಗಳಿಗಿಂತ ಬಹಳ ಚಿಕ್ಕದಾದ ಕಣಗಳನ್ನು ಅದೇ ಶೇ. 64ರ ಪ್ರಮಾಣದಲ್ಲಿ ತುಂಬಿದರೆ ಒಟ್ಟು ಶೇ. 87ರವರೆಗೆ ಹೋಗಬಹುದು. ಚಿಕ್ಕ ಕಣಗಳು ಬೆರೆತ ದ್ರವವೇ ದೊಡ್ಡ ಕಣಗಳಿಗೆ ಹರಿಯುವ ಮಾಧ್ಯಮವಾಗುತ್ತದೆ. ನಿಲುಗಡೆಯ ಮಿತಿ ದೂರ ಸರಿದದ್ದೇ ಸ್ನಿಗ್ಧತೆ ಇಳಿಯುತ್ತದೆ. ಮಿತಿ ಶೇ. 64 ಇದ್ದಾಗ ಶೇ. 60ರ ಭರ್ತಿಗೆ 256 ಪಟ್ಟು ಬಂದ ಲೆಕ್ಕ, ಮಿತಿ ಶೇ. 80ಕ್ಕೆ ಏರಿದಾಗ ಅಷ್ಟೇ ಭರ್ತಿಗೆ 16 ಪಟ್ಟಿಗೆ ಇಳಿಯುತ್ತದೆ. ಒಂದೇ ದ್ರವ, ಒಂದೇ ಪ್ರಮಾಣದ ಗಟ್ಟಿ ಪದಾರ್ಥ. ಬದಲಾದದ್ದು ಗಾತ್ರಗಳ ಹಂಚಿಕೆ ಮಾತ್ರ. 1968ರಲ್ಲಿ ಆರ್. ಜೆ. ಫ್ಯಾರಿಸ್ ಈ ತರ್ಕವನ್ನು ಗಣಿತಕ್ಕೆ ಇಳಿಸಿದರು. ಕೆಲವು ನೂರು ಮೈಕ್ರಾನಿನ ದಪ್ಪ ಹರಳುಗಳನ್ನೂ ಕೆಲವು ಹತ್ತು ಮೈಕ್ರಾನಿನ ಸಣ್ಣ ಹರಳುಗಳನ್ನೂ ಅಳೆದು ಬೆರೆಸುವುದು ಇಂದು ಘನ ಇಂಧನ ತಯಾರಿಕೆಯ ದಿನನಿತ್ಯದ ಕ್ರಮ.

ಇಲ್ಲಿ ಕಾಲದ ಒತ್ತಡವೂ ಇದೆ. ಬೆಸುಗೆಯ ರಾಸಾಯನಿಕ ಸೇರಿದ ಕ್ಷಣದಿಂದ ರಬ್ಬರಿನ ಅಣುಗಳು ಒಂದಕ್ಕೊಂದು ಹೊಸೆದುಕೊಳ್ಳತೊಡಗಿ ಸ್ನಿಗ್ಧತೆ ಗಂಟೆಗಂಟೆಗೂ ಏರುತ್ತದೆ. ಸುರಿಯಲು ಸಾಧ್ಯವಿರುವ ಆ ಸೀಮಿತ ಅವಧಿಯೊಳಗೆ ಮಿಶ್ರಣ ಅಚ್ಚಿನ ಮೂಲೆಮೂಲೆಗೂ ತಲುಪಬೇಕು, ಗಾಳಿಯ ಗುಳ್ಳೆ ಉಳಿಯಬಾರದು. ಉಳಿದ ಗುಳ್ಳೆ ಉರಿಯುವ ಹೊತ್ತಿಗೆ ಹೆಚ್ಚುವರಿ ಮೇಲ್ಮೈಯಾಗಿ ತೆರೆದುಕೊಂಡು ಬೂಸ್ಟರಿನ ಒಳ ಒತ್ತಡವನ್ನು ಅಪಾಯಕ್ಕೆ ಏರಿಸಬಲ್ಲದು. ಆದ್ದರಿಂದಲೇ ಕಲಸುವಿಕೆ ಇಷ್ಟು ಗಂಭೀರವಾದ ಎಂಜಿನಿಯರಿಂಗ್. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಸಿಎಂಟಿಐ, ಇಸ್ರೋದೊಂದಿಗೆ ಸೇರಿ ರೂಪಿಸಿದ ಹತ್ತು ಟನ್ ಸಾಮರ್ಥ್ಯದ ಕಲಸುಯಂತ್ರವನ್ನು ಶ್ರೀಹರಿಕೋಟಾಕ್ಕೆ ಹಸ್ತಾಂತರಿಸಿತು. ತನ್ನ ಅಕ್ಷದ ಸುತ್ತಲೂ ಪಾತ್ರೆಯ ನಡುವಿನ ಸುತ್ತಲೂ ಏಕಕಾಲಕ್ಕೆ ತಿರುಗುವ ಅಲಗುಗಳಿರುವುದರಿಂದ ಇಂಥ ಯಂತ್ರಕ್ಕೆ ಗ್ರಹಗಳ ಚಲನೆಯ ಹೆಸರಿದೆ. ಎಲ್ಲಿಯೂ ಕಲಸದೆ ಉಳಿದ ಮೂಲೆ ಇರಬಾರದು ಎಂಬುದೇ ಆ ಎರಡು ಬಗೆಯ ತಿರುಗುವಿಕೆಯ ಉದ್ದೇಶ.

ಇಲ್ಲಿಯವರೆಗೆ ದ್ರವದ ಸ್ವಭಾವವನ್ನು ಬದಿಗಿಟ್ಟಿದ್ದಾಯಿತು. ಕರಗಿದ ಪಾಲಿಮರ್ ನೀರಿನಂಥ ಸಾಧು ದ್ರವವಲ್ಲ. ಅದರ ಸ್ನಿಗ್ಧತೆ ನೀರಿನದಕ್ಕಿಂತ ಹತ್ತು ಲಕ್ಷ ಪಟ್ಟು ಇರುವುದು ಸಾಮಾನ್ಯ. ಸಾವಿರಾರು ಕೊಂಡಿಗಳ ಉದ್ದನೆಯ ಅಣುಸರಪಳಿಗಳು ಒಂದರೊಳಗೊಂದು ಸಿಕ್ಕಿಕೊಂಡಿರುವುದೇ ಅದಕ್ಕೆ ಕಾರಣ. ವೇಗವಾಗಿ ಜಾರಿಸಿದರೆ ಸರಪಳಿಗಳು ಹರಿವಿನ ದಿಕ್ಕಿಗೆ ಮಲಗಿ ಸಿಕ್ಕು ಸಡಿಲಗೊಂಡು ಸ್ನಿಗ್ಧತೆ ತಾನಾಗಿ ಇಳಿಯುತ್ತದೆ. ಭರ್ತಿ ಕಣಗಳು ಈ ಗುಣವನ್ನು ಒಂದು ನವಿರಾದ ರೀತಿಯಲ್ಲಿ ಬದಲಿಸುತ್ತವೆ. ಕಣಗಳು ತಾವು ವಿರೂಪಗೊಳ್ಳದ ಕಾರಣ ಜಾರಿಕೆಯೆಲ್ಲ ಅವುಗಳ ನಡುವಿನ ಕಿರಿದಾದ ಸಂದುಗಳ ಪಾಲಿಗೆ ಬರುತ್ತದೆ. ಹೊರಗಿನಿಂದ ನಿಧಾನವೆಂದು ಕಾಣುವ ಹರಿವಿನಲ್ಲೂ ಸಂದಿನೊಳಗಿನ ಪಾಲಿಮರ್ ಬಹಳ ವೇಗವಾಗಿ ಜಾರುತ್ತಿರುತ್ತದೆ. ಹಾಗಾಗಿ ಕಣಗಳಿಲ್ಲದ ಪಾಲಿಮರಿಗಿಂತ ಮೊದಲೇ ಇದು ತೆಳುವಾಗತೊಡಗುತ್ತದೆ. ನಿಧಾನ ಹರಿವಿನಲ್ಲಿ ಎಷ್ಟೋ ಪಟ್ಟು ಮಂದವಾಗಿದ್ದ ಸಮ್ಮಿಶ್ರವು ಅಚ್ಚಿನ ಕಿರಿದಾದ ಬಾಯಿಯಲ್ಲಿ ರಭಸದಿಂದ ನುಗ್ಗುವಾಗ ಬರಿಯ ಪಾಲಿಮರಿನ ಸಮೀಪಕ್ಕೆ ಬಂದುಬಿಡುವುದು ಇದರಿಂದಲೇ. ಇಂಜೆಕ್ಷನ್ ಅಚ್ಚಿನ ಉದ್ಯಮ ನಡೆಯುತ್ತಿರುವುದರಲ್ಲಿ ಈ ಅನುಕೂಲದ ಪಾಲು ದೊಡ್ಡದು. ಇನ್ನೊಂದು ಉಪಕಾರವೂ ಇದೆ: ಡೈ ಎಂಬ ಅಚ್ಚುಬಾಯಿಯಿಂದ ಹೊರಬಂದ ಬರಿಯ ಪಾಲಿಮರ್ ತನ್ನ ಸರಪಳಿಗಳು ಹಿಂದಕ್ಕೆ ಸುರುಳಿಗೊಳ್ಳುವುದರಿಂದ ಉಬ್ಬಿಕೊಳ್ಳುತ್ತದೆ, ಕಣಗಳಿದ್ದರೆ ಆ ಉಬ್ಬು ತಗ್ಗಿ ಕೊಳವೆಯ ಅಳತೆ ಹಿಡಿತಕ್ಕೆ ಸಿಗುತ್ತದೆ.

ಕಣದ ಆಕಾರ ಬದಲಾದರೆ ಹರಿವಿನಲ್ಲಿ ದಿಕ್ಕು ಎಂಬ ಹೊಸ ಸಂಗತಿ ಸೇರುತ್ತದೆ. 1922ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಿ. ಬಿ. ಜೆಫರಿ, ಜಾರುವ ದ್ರವದಲ್ಲಿ ಉದ್ದನೆಯ ಕಣವೊಂದು ಹೇಗೆ ತಿರುಗುತ್ತದೆ ಎಂಬುದನ್ನು ಲೆಕ್ಕ ಹಾಕಿದರು. ಅದು ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಹರಿವಿನ ದಿಕ್ಕಿಗೆ ಮಲಗಿ ಬಹುಕಾಲ ಹಾಗೆಯೇ ಇದ್ದು, ನಂತರ ಥಟ್ಟನೆ ಮಗುಚಿ, ಮತ್ತೆ ಮಲಗುತ್ತದೆ. ಗಾಜಿನ ನಾರು ಬೆರೆಸಿದ ನೈಲಾನ್ ಅಚ್ಚಿನೊಳಗೆ ಹರಿದಾಗ ಗೋಡೆಯ ಬಳಿ, ಜಾರಿಕೆ ತೀವ್ರವಾಗಿರುವಲ್ಲಿ, ನಾರುಗಳು ಹರಿವಿನ ಉದ್ದಕ್ಕೆ ಮಲಗುತ್ತವೆ. ಒಳತಿರುಳಿನಲ್ಲಿ ಬಹುಮಟ್ಟಿಗೆ ಅಡ್ಡವಾಗಿ ನಿಲ್ಲುತ್ತವೆ. ಒಂದೇ ಬಿಡಿಭಾಗ ಒಂದು ದಿಕ್ಕಿನಲ್ಲಿ ಗಟ್ಟಿಯಾಗಿ ಇನ್ನೊಂದು ದಿಕ್ಕಿನಲ್ಲಿ ದುರ್ಬಲವಾಗಿರಲು ಕಾರಣ ಇದು. ಎರಡು ಕಡೆಯಿಂದ ಬಂದ ಹರಿವುಗಳು ಕೂಡುವ ಗೆರೆಯಲ್ಲಿ ನಾರುಗಳು ಆಚೆಯಿಂದ ಈಚೆಗೆ ದಾಟುವುದಿಲ್ಲವಾದ್ದರಿಂದ ಬಿರುಕು ಮೊದಲು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಅಲ್ಲಿಯೇ. ಟಾಲ್ಕಿನಂಥ ಹಾಳೆರೂಪದ ಕಣಗಳು ಅಚ್ಚಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗುತ್ತವೆ. ಹೊಯ್ಸಳ ಶಿಲ್ಪಿಗಳ ಉಳಿಗೆ ಅಷ್ಟು ಸುಲಭವಾಗಿ ಒಲಿದ ಬಳಪದ ಕಲ್ಲಿನ ಮೃದುತ್ವಕ್ಕೂ ಇದೇ ಜಾತಿಯ, ಒಂದರ ಮೇಲೊಂದು ಜಾರುವ ಖನಿಜ ಹಾಳೆಗಳೇ ಕಾರಣ.

ಗಾತ್ರ, ಆಕಾರ, ದಟ್ಟಣೆ ಇವಿಷ್ಟೇ ಆಗಿದ್ದರೆ ವಿಷಯ ಜ್ಯಾಮಿತಿಯಲ್ಲೇ ಮುಗಿಯುತ್ತಿತ್ತು. ಕಣಗಳು ಚಿಕ್ಕದಾಗುತ್ತ ಹೋದಂತೆ ಅವುಗಳ ಮೇಲ್ಮೈ ಆಳ್ವಿಕೆಗೆ ಬರುತ್ತದೆ. ಟೈರುಗಳಲ್ಲಿ ಬಳಸುವ ಒಂದು ಸಾಮಾನ್ಯ ದರ್ಜೆಯ ಕಾರ್ಬನ್ ಬ್ಲ್ಯಾಕಿನ ಒಂದು ಗ್ರಾಂ ಪುಡಿಗೆ ಸುಮಾರು 75ರಿಂದ 80 ಚದರ ಮೀಟರ್ ಮೇಲ್ಮೈ ಇರುತ್ತದೆ. ಅದರ ಮೂಲ ಕಣಗಳು 30 ನ್ಯಾನೊಮೀಟರ್ ಆಸುಪಾಸಿನವು; ಆದರೆ ಅವು ಎಂದೂ ಬಿಡಿಯಾಗಿ ಇರುವುದಿಲ್ಲ, ಹುಟ್ಟುವಾಗಲೇ ಬೆಸೆದುಕೊಂಡು ಕವಲುಕವಲಾದ ಗೊಂಚಲುಗಳಾಗಿರುತ್ತವೆ. ಗೊಂಚಲುಗಳು ಮತ್ತೆ ಒಂದಕ್ಕೊಂದು ಅಂಟಿ ದೊಡ್ಡ ಗಂಟುಗಳಾಗುತ್ತವೆ. ಗೊಂಚಲಿನ ಬೆಸುಗೆಯನ್ನು ಒಡೆಯುವುದು ಬಹಳ ಕಷ್ಟ, ಗಂಟನ್ನು ಒಡೆಯಬಹುದು.

ಗೊಂಚಲಿನ ಕವಲುಗಳ ಸಂದಿನಲ್ಲಿ ಸಿಕ್ಕಿಕೊಂಡ ರಬ್ಬರು ಹರಿಯಲಾರದು. ಅದು ರಬ್ಬರಾಗಿದ್ದರೂ ಹರಿವಿನ ದೃಷ್ಟಿಯಿಂದ ಗಟ್ಟಿ ಕಣದ ಭಾಗವೇ. ಕಣದ ಮೇಲ್ಮೈಗೆ ಅಂಟಿಕೊಂಡ ತೆಳುವಾದ ರಬ್ಬರಿನ ಪದರವೂ ಹಾಗೆಯೇ. ಒಳ್ಳೆಯ ದ್ರಾವಕದಲ್ಲಿ ದಿನಗಟ್ಟಲೆ ನೆನೆಸಿಟ್ಟರೂ ಅದು ಬಿಟ್ಟುಬರುವುದಿಲ್ಲ. ಹೀಗಾಗಿ ತಕ್ಕಡಿಯಲ್ಲಿ ತೂಗಿ ಹಾಕಿದ ಮಸಿಗಿಂತ ಹೆಚ್ಚಿನ ಮಸಿ ಇದ್ದಂತೆಯೇ ಮಿಶ್ರಣ ವರ್ತಿಸುತ್ತದೆ. 1916ರಲ್ಲಿ ಫರ್ನ್ಲಿ ಬ್ಯಾನ್‌ಬರಿ ಪೇಟೆಂಟ್ ಪಡೆದ, ಇಂದಿಗೂ ಅವರ ಹೆಸರಿನಿಂದಲೇ ಕರೆಯಲಾಗುವ ಕಲಸುಯಂತ್ರದೊಳಗೆ ರಬ್ಬರು ಮತ್ತು ಮಸಿಯನ್ನು ನಾದಿದಂತೆ ಗಂಟುಗಳು ಒಡೆದು, ಒಳಗೆ ಸೆರೆಯಾಗಿದ್ದ ರಬ್ಬರು ಬಿಡುಗಡೆಯಾಗಿ, ಸ್ನಿಗ್ಧತೆ ಕ್ರಮೇಣ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಸೊಗಸೊಂದಿದೆ. ಗಂಟನ್ನು ಒಡೆಯುವ ಬಲವನ್ನು ಅದಕ್ಕೆ ಮುಟ್ಟಿಸುವುದು ರಬ್ಬರಿನ ಸ್ನಿಗ್ಧತೆಯೇ. ತೆಳುವಾದ ದ್ರವದಲ್ಲಿ ಎಷ್ಟು ಕಲಕಿದರೂ ಗಂಟು ಸುಮ್ಮನೆ ತೇಲಾಡುತ್ತದೆ. ಹರಿವಿಗೆ ತಡೆಯಾಗಿರುವ ಗುಣವೇ ಹರಿವನ್ನು ಸುಗಮಗೊಳಿಸುವ ಕೆಲಸಕ್ಕೂ ಬೇಕು.

ಕಣಗಳ ಪರಸ್ಪರ ಆಕರ್ಷಣೆ ಬಲವಾಗಿದ್ದು ಅವುಗಳ ಪ್ರಮಾಣವೂ ಸಾಕಷ್ಟಿದ್ದರೆ, ಮಿಶ್ರಣದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣದಿಂದ ಕಣಕ್ಕೆ ಹಬ್ಬಿದ ಜಾಲ ಕಟ್ಟಿಕೊಳ್ಳುತ್ತದೆ. ಆಗ ವಸ್ತು ಸಣ್ಣ ಬಲಕ್ಕೆ ಘನದಂತೆ ನಿಲ್ಲುತ್ತದೆ, ಒಂದು ಮಿತಿ ದಾಟಿದ ಮೇಲೆ ಮಾತ್ರ ಮಣಿದು ಹರಿಯುತ್ತದೆ. ಗಟ್ಟಿಯಾದ ರಬ್ಬರಿನಲ್ಲೂ ಈ ಜಾಲ ಉಳಿದಿರುತ್ತದೆ ಎಂಬುದನ್ನು 1960ರ ದಶಕದಲ್ಲಿ ಬ್ರಿಟನ್ನಿನ ಎ. ಆರ್. ಪೇನ್ ವಿವರವಾಗಿ ತೋರಿಸಿದರು. ಮಸಿ ತುಂಬಿದ ರಬ್ಬರನ್ನು ಅತ್ಯಲ್ಪವಾಗಿ ಅಲುಗಿಸಿದಾಗ ಕಾಣುವ ಬಿಗಿತನ, ಅಲುಗಾಟ ಶೇ. 10ರಷ್ಟಾಗುವ ಹೊತ್ತಿಗೆ ಬಹಳಷ್ಟು ಕುಸಿಯುತ್ತದೆ. ಬಿಟ್ಟರೆ ಬಹುಮಟ್ಟಿಗೆ ಮರಳುತ್ತದೆ. ಒಡೆದು ಮತ್ತೆ ಕೂಡುವ ಈ ಜಾಲ ಪ್ರತಿ ಬಾರಿಯೂ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಟೈರಿನ ಪ್ರತಿಯೊಂದು ಸುತ್ತಿಗೂ ಅದರ ಕೆಳಭಾಗ ಚಪ್ಪಟೆಯಾಗಿ ಮತ್ತೆ ಉಬ್ಬುವಾಗ ಆಗುವುದು ಇದೇ. ವಾಹನದ ಇಂಧನದ ಒಂದು ಪಾಲು ಹೀಗೆ ಕಣಗಳ ನಡುವೆ ಕರಗಿಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಂಪನಿ ಮಸಿಯ ಬದಲು ಸಿಲಿಕಾ ಕಣಗಳನ್ನು ಬಳಸಿ ಉರುಳುವಿಕೆಯ ತಡೆಯನ್ನು ತಗ್ಗಿಸಿದ ಟೈರನ್ನು ಮಾರುಕಟ್ಟೆಗೆ ತಂದಿತು. ಸಿಲಿಕಾ ಕಣಗಳಿಗೆ ರಬ್ಬರಿಗಿಂತ ತಮ್ಮತಮ್ಮಲ್ಲೇ ಒಲವು ಹೆಚ್ಚು; ಹಾಗೆ ಬಿಟ್ಟರೆ ಸಂಗ್ರಹದಲ್ಲಿಟ್ಟ ಮಿಶ್ರಣವೂ ದಿನಕಳೆದಂತೆ ಗಡುಸಾಗುತ್ತದೆ. ಒಂದು ತುದಿಯಲ್ಲಿ ಸಿಲಿಕಾವನ್ನೂ ಇನ್ನೊಂದರಲ್ಲಿ ರಬ್ಬರನ್ನೂ ಹಿಡಿಯುವ ಸಿಲೇನ್ ಅಣುಗಳು ಆ ಒಲವನ್ನು ತಡೆಯುತ್ತವೆ. ಸುಣ್ಣಕಲ್ಲಿನ ಪುಡಿಗೆ ಸ್ಟಿಯರಿಕ್ ಆಮ್ಲವನ್ನು ಲೇಪಿಸುವುದರ ಹಿಂದಿನ ವಿಚಾರವೂ ಸ್ಥೂಲವಾಗಿ ಇದೇ: ಒಂದೇ ಅಣುವಿನ ದಪ್ಪದ ಲೇಪ ಸಾಕು, ಕಣಗಳು ಪರಸ್ಪರ ಅಂಟದೆ ಮಿಶ್ರಣ ಸಲೀಸಾಗಿ ಹರಿಯುತ್ತದೆ.

ಮಸಿಯ ವಿಷಯದಲ್ಲಿ ಚೆನ್ನಾಗಿ ಹರಡಿದರೆ ಸ್ನಿಗ್ಧತೆ ಇಳಿಯುತ್ತದೆ ಎಂದಾಯಿತು. ಜೇಡಿಮಣ್ಣಿನ ವಿಷಯದಲ್ಲಿ ಇದು ತಿರುವುಮುರುವು. 1980ರ ದಶಕದಲ್ಲಿ ಜಪಾನಿನ ಟೊಯೋಟಾ ಕೇಂದ್ರೀಯ ಸಂಶೋಧನಾಲಯದವರು ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳನ್ನು ನೈಲಾನಿನೊಳಗೆ ಒಂದೊಂದಾಗಿ ಬಿಡಿಸಿ ಹರಡುವುದರಲ್ಲಿ ಯಶಸ್ವಿಯಾದರು. ಪ್ರತಿ ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಗಲ ಅದರ ನೂರಾರು ಪಟ್ಟು. ತೂಕದಲ್ಲಿ ಶೇ. 5ಕ್ಕಿಂತ ಕಡಿಮೆ ಮಣ್ಣಿನಿಂದ, ಭಾರ ಹೊತ್ತ ನೈಲಾನ್ ಬಾಗತೊಡಗುವ ಉಷ್ಣತೆ 65 ಡಿಗ್ರಿ ಸೆಲ್ಸಿಯಸ್‌ನಿಂದ 150ರ ಆಸುಪಾಸಿಗೆ ಏರಿತು. ಹರಿವಿನಲ್ಲಿ ಆದ ಬದಲಾವಣೆಯೂ ಅಷ್ಟೇ ನಾಟಕೀಯ. ಮಣ್ಣು ಗಟ್ಟಿ ತುಣುಕುಗಳಾಗಿ ಉಳಿದಿದ್ದರೆ ಶೇ. 5 ಎಂಬುದು ಐನ್‌ಸ್ಟೈನರ ಸೂತ್ರಕ್ಕೂ ಹೆಚ್ಚು ದೂರವಲ್ಲದ, ನಗಣ್ಯ ಪ್ರಮಾಣ. ಪದರಗಳು ಬಿಡಿಬಿಡಿಯಾದಾಗ ಪ್ರತಿಯೊಂದೂ ತಿರುಗಲು ತನ್ನ ಅಗಲದಷ್ಟು ಜಾಗ ಕೇಳುತ್ತದೆ, ಅಷ್ಟು ಜಾಗವೇ ಇರುವುದಿಲ್ಲ. ಆಗ ನಿಧಾನವಾಗಿ ಅಲುಗಿಸಿದರೆ ಕರಗಿದ ಪಾಲಿಮರ್ ಘನದಂತೆ ಪ್ರತಿಕ್ರಿಯಿಸುತ್ತದೆ. 1997ರಲ್ಲಿ ರಮಣನ್ ಕೃಷ್ಣಮೂರ್ತಿ ಮತ್ತು ಇಮ್ಯಾನುಯೆಲ್ ಜಿಯಾನೆಲಿಸ್ ಪ್ರಕಟಿಸಿದ ಅಳತೆಗಳಲ್ಲಿ ಈ ಘನಗುಣ ಸ್ಪಷ್ಟವಾಗಿ ದಾಖಲಾಯಿತು. ಪದರಗಳು ನಿಜಕ್ಕೂ ಬಿಡಿಸಿಕೊಂಡವೇ ಎಂದು ತಿಳಿಯಲು ಬಳಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸುವುದು ವಸ್ತುವಿನ ಒಂದು ಸಣ್ಣ ಚೂರನ್ನು ಮಾತ್ರ. ಹರಿವಿನ ಅಳತೆ ಇಡೀ ವಸ್ತುವಿನ ಸುದ್ದಿಯನ್ನು ಹೇಳುತ್ತದೆ.

ಇನ್ನೂ ವಿಚಿತ್ರವಾದದ್ದು 2003ರಲ್ಲಿ ಅಮೆರಿಕದ ಮೈಕೆಲ್ ಮ್ಯಾಕೆ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ. ಪಾಲಿಸ್ಟೈರೀನ್ ಸರಪಳಿಗಳನ್ನೇ ಒಳಗೊಳಗೆ ಬೆಸೆದು ಕೆಲವು ನ್ಯಾನೊಮೀಟರಿನ ಗುಂಡುಗಳನ್ನಾಗಿಸಿ, ಅವನ್ನು ಸಾಮಾನ್ಯ ಪಾಲಿಸ್ಟೈರೀನಿನಲ್ಲಿ ಬೆರೆಸಿದಾಗ ಸ್ನಿಗ್ಧತೆ ಏರುವ ಬದಲು ಇಳಿಯಿತು. 2.5ರ ಸೂತ್ರದ ಆಧಾರವೇ ಇಲ್ಲಿ ಇಲ್ಲವಾಗುತ್ತದೆ. ಐನ್‌ಸ್ಟೈನ್ ತಮ್ಮ ಲೆಕ್ಕದಲ್ಲಿ ದ್ರವವನ್ನು ಅಣುಗಳಿಲ್ಲದ ಅಖಂಡ ಮಾಧ್ಯಮವೆಂದು ಭಾವಿಸಿದ್ದರು. ಕಣವು ದ್ರವದ ಅಣುಗಳಿಗಿಂತ ಬಹಳ ದೊಡ್ಡದಾಗಿದ್ದಾಗ ಆ ಭಾವನೆ ಸರಿ. ಸುತ್ತಲಿನ ಸರಪಳಿಯ ಸುರುಳಿಗಿಂತ ಕಣವೇ ಚಿಕ್ಕದಾದಾಗ ಅದು ಹರಿವಿಗೆ ಅಡ್ಡ ನಿಂತ ಬಂಡೆಯಾಗಿ ಉಳಿಯುವುದಿಲ್ಲ. ಸರಪಳಿಗಳ ಸಿಕ್ಕಿನ ನಡುವೆ ಚಲನೆಗೆ ತೆರವು ಮಾಡಿಕೊಡುತ್ತದೆ.

ಈ ಎಲ್ಲ ಸೂಕ್ಷ್ಮತೆಯ ಎದುರು, ಕಾರ್ಖಾನೆಗಳಲ್ಲಿ ಹರಿವನ್ನು ಅಳೆಯುವ ಅತಿ ಜನಪ್ರಿಯ ವಿಧಾನ ಬಹಳ ಒರಟಾದದ್ದು. ಕರಗಿದ ಪಾಲಿಮರಿನ ಮೇಲೆ ನಿಗದಿತ ತೂಕ, ಹೆಚ್ಚಾಗಿ 2.16 ಕಿಲೋಗ್ರಾಂ, ಇಟ್ಟು 2 ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದಾದ ರಂಧ್ರದ ಮೂಲಕ ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಇಳಿಯಿತೆಂದು ತೂಗುತ್ತಾರೆ. ಇದಕ್ಕೆ ಮೆಲ್ಟ್ ಫ್ಲೋ ಇಂಡೆಕ್ಸ್, ದ್ರವಪ್ರವಾಹ ಸೂಚ್ಯಂಕ, ಎಂದು ಹೆಸರು. 1980ರ ದಶಕದ ಆರಂಭದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಅರುಣ್ ಶೆಣೈ ಮತ್ತು ಸಹೋದ್ಯೋಗಿಗಳು ಈ ಒಂದೇ ಸಂಖ್ಯೆಯಿಂದ ಪಾಲಿಮರಿನ ಪೂರ್ಣ ಹರಿವಿನ ರೇಖೆಯನ್ನು ಅಂದಾಜಿಸುವ ವಿಧಾನವನ್ನು ರೂಪಿಸಿ, ಭರ್ತಿ ಕಣಗಳಿರುವ ಪಾಲಿಮರುಗಳಿಗೂ ಅದನ್ನು ವಿಸ್ತರಿಸಿದರು. ದುಬಾರಿ ಉಪಕರಣ ಕೊಳ್ಳಲಾಗದ ಸಣ್ಣ ಉದ್ದಿಮೆಗಳ ಮಟ್ಟಿಗೆ ಅದು ನಿಜವಾಗಿ ಉಪಯುಕ್ತವಾದ ಕೆಲಸ. ಭರ್ತಿ ಕಣಗಳಿರುವ ಪಾಲಿಮರುಗಳ ಹರಿವಿನ ಕುರಿತು 1999ರಲ್ಲಿ ಪ್ರಕಟವಾದ ಶೆಣೈ ಅವರ ಪುಸ್ತಕ ಈ ಕ್ಷೇತ್ರದ ಮುಖ್ಯ ಗ್ರಂಥಗಳಲ್ಲೊಂದು.

ಆದರೆ ಮರುಬಳಕೆಯ ಪ್ಲಾಸ್ಟಿಕ್ ಎದುರಾದಾಗ ಒಂದೇ ಸಂಖ್ಯೆ ಸಾಲದಾಗುತ್ತದೆ, ಮತ್ತು ಮುಂದಿನ ವರ್ಷಗಳಲ್ಲಿ ಹರಿವಿನ ವಿಜ್ಞಾನಕ್ಕೆ ಅತಿ ಹೆಚ್ಚು ಕೆಲಸ ಇರುವುದು ಇಲ್ಲಿಯೇ ಎನಿಸುತ್ತದೆ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಬೆರಕೆ ಪ್ಲಾಸ್ಟಿಕ್ಕನ್ನು ನೀರಿಗೆ ಹಾಕಿ ತೇಲಿದ್ದನ್ನೂ ಮುಳುಗಿದ್ದನ್ನೂ ಬೇರ್ಪಡಿಸುವ ತೊಟ್ಟಿಗಳಲ್ಲಿ ಅದು ಮೇಲೆ ಬರಬೇಕು. ಶೇ. 20ರಷ್ಟು ಟಾಲ್ಕ್ ತುಂಬಿದ ಬಂಪರಿನ ಚೂರು ಅದೇ ಪಾಲಿಪ್ರೊಪಿಲೀನ್ ಆಗಿದ್ದರೂ ಮುಳುಗಿಬಿಡುತ್ತದೆ. ಸ್ವಲ್ಪವೇ ಟಾಲ್ಕ್ ಇರುವ ಚೂರು ತೇಲುವ ಗುಂಪಿಗೆ ಸೇರುತ್ತದೆ. ಹೀಗೆ ಕೈಗೆ ಬರುವ ಮಾಲಿನಲ್ಲಿ ಎಷ್ಟು ಭರ್ತಿ ಇದೆ ಎನ್ನುವುದು ಚೀಲದಿಂದ ಚೀಲಕ್ಕೆ ಬದಲಾಗುತ್ತಿರುತ್ತದೆ. ಪದೇ ಪದೇ ಕರಗಿಸಿದಾಗ ಪಾಲಿಪ್ರೊಪಿಲೀನಿನ ಸರಪಳಿಗಳು ತುಂಡಾಗಿ ಹರಿವು ಹೆಚ್ಚುತ್ತದೆ. ಒಳಸೇರಿದ ಕಣಗಳಿಂದ ಹರಿವು ತಗ್ಗುತ್ತದೆ. ಎರಡೂ ಒಟ್ಟಿಗೆ ಆದಾಗ ಸೂಚ್ಯಂಕದ ಸಂಖ್ಯೆ ಹೊಸ ಮಾಲಿನಷ್ಟೇ ಬರಬಹುದು, ಆದರೆ ಆ ವಸ್ತುವಿನಿಂದ ಮಾಡಿದ ಬಕೆಟ್ಟು ಮೊದಲ ಪೆಟ್ಟಿಗೇ ಸೀಳಬಹುದು. ಕರಗಿದ ಮಾದರಿಯನ್ನು ಎರಡು ಬಿಲ್ಲೆಗಳ ನಡುವೆ ಇಟ್ಟು ಬೇರೆ ಬೇರೆ ವೇಗದಲ್ಲಿ ಹಿಂದೆ ಮುಂದೆ ತಿರುಗಿಸುವ ರಿಯೋಮೀಟರ್ ಈ ಎರಡನ್ನೂ ಬೇರ್ಪಡಿಸಬಲ್ಲದು. ಸರಪಳಿ ತುಂಡಾಗಿದ್ದರೆ ನಿಧಾನ ವೇಗಗಳಲ್ಲಿ ಪ್ರತಿರೋಧ ತಗ್ಗಿ ಸಮತಟ್ಟಾಗುತ್ತದೆ; ಕಣಗಳು ಜಾಲ ಕಟ್ಟಿದ್ದರೆ ವೇಗ ಕಡಿಮೆಯಾದಷ್ಟೂ ಸ್ನಿಗ್ಧತೆಯ ರೇಖೆ ಮೇಲೇರುತ್ತಲೇ ಹೋಗುತ್ತದೆ.